ಹಳೆಯ ಥಂಡರ್‌ಬರ್ಡ್‌ಗೆ ಎರಡು ಚಾರ್ಜಿಂಗ್ ಪಾಯಿಂಟ್: ಹೆಡ್‌ಲೈಟ್ ವೈರು ಮುಟ್ಟದೆ ಮಾಡುವ ಬಗೆ

ಪ್ರಶ್ನೆ: ನನ್ನ ಬಳಿ 2011ರ ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್ 350 ಇದೆ. ಸೆಲ್ಫ್ ಸ್ಟಾರ್ಟ್ ಇರುವ ಕಾರ್ಬ್ಯುರೇಟರ್ ಗಾಡಿ. ಬ್ಯಾಟರಿಯ ಮೇಲೆ 12 ವೋಲ್ಟ್, 14 ಎಎಚ್ (ಆಂಪಿಯರ್ ಅವರ್) ಎಂದು ಬರೆದಿದೆ. ಮಳೆಗಾಲ ಮುಗಿದ ಮೇಲೆ ಮಗಳನ್ನು ಹಿಂದೆ ಕೂರಿಸಿಕೊಂಡು ಹಾಸನದಿಂದ ಶಿರಾಡಿ ಘಾಟಿ ಇಳಿದು, ಕರಾವಳಿ ಹಿಡಿದು ಗೋಕರ್ಣ, ಕಾರವಾರದವರೆಗೆ ಹೋಗಿಬರುವ ಆಸೆ. ಮ್ಯಾಪ್ ನೋಡಲು ಹ್ಯಾಂಡಲ್ ಮೇಲೆ ನನ್ನ ಮೊಬೈಲಿಗೊಂದು, ಟ್ಯಾಂಕ್ ಬ್ಯಾಗಿನೊಳಗೆ ಕ್ಯಾಮೆರಾಗೂ ಮಗಳ ಮೊಬೈಲಿಗೂ ಒಂದು, ಹೀಗೆ ಎರಡು ಚಾರ್ಜಿಂಗ್ ಪಾಯಿಂಟ್ ಬೇಕು. ನಮ್ಮ ಮೆಕ್ಯಾನಿಕ್ “ಹೆಡ್‌ಲೈಟ್ ವೈರಿನಿಂದ ಎಳೆದುಕೊಡ್ತೀನಿ, ಹತ್ತು ನಿಮಿಷದ ಕೆಲಸ” ಅಂತಾರೆ. ಗೆಳೆಯರು “ಹಳೇ ಗಾಡಿ, ದಾರಿಯಲ್ಲಿ ಬ್ಯಾಟರಿ ಡೌನ್ ಆಗಿ ಕೂರ್ತೀಯ” ಅಂತ ಹೆದರಿಸುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಇಬ್ಬರ ಮಾತೂ ಬೇಡ. ನಿಮ್ಮ ಗಾಡಿ ಈ ಎರಡು ಪಾಯಿಂಟುಗಳ ಭಾರವನ್ನು ಹೊರಬಲ್ಲದು, ಹಾಗಾಗಿ ಗೆಳೆಯರ ಭಯಕ್ಕೆ ಕಾರಣವಿಲ್ಲ. ಆದರೆ ಆ ಕರೆಂಟನ್ನು ಹೆಡ್‌ಲೈಟ್ ವೈರಿನಿಂದ ಕದಿಯಬಾರದು. ಬ್ಯಾಟರಿಯಿಂದಲೇ ಹೊಸದಾಗಿ ಒಂದು ಪ್ರತ್ಯೇಕ ಲೈನ್ ಎಳೆದು, ಅದಕ್ಕೆ ಅದರದ್ದೇ ಫ್ಯೂಸ್ ಹಾಕಿ, ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಹರಿಯುವಂತೆ ಒಂದು ರಿಲೇ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್, ಕೂರಿಸಬೇಕು. ಅರ್ಧ ದಿನದ ಕೆಲಸ. ಸಾಮಾನಿನ ಖರ್ಚು, ಚಾರ್ಜರ್‌ಗಳನ್ನು ಬಿಟ್ಟರೆ, ಒಂದು ಟ್ಯಾಂಕ್ ಪೆಟ್ರೋಲಿನಷ್ಟೂ ಆಗುವುದಿಲ್ಲ.

ಮೊದಲು ಲೆಕ್ಕ ನೋಡೋಣ. ಮೊಬೈಲಿಗೆ 5 ವೋಲ್ಟಿನಲ್ಲಿ 2 ಆಂಪಿಯರ್ ಕೊಟ್ಟರೆ ಅದು 10 ವಾಟ್. 12 ವೋಲ್ಟನ್ನು 5 ವೋಲ್ಟಿಗೆ ಇಳಿಸುವಾಗ ಚಾರ್ಜರ್ ಸ್ವಲ್ಪವನ್ನು ಶಾಖವಾಗಿ ಕಳೆದುಕೊಳ್ಳುವುದರಿಂದ ಗಾಡಿಯ ಮೇಲೆ ಬೀಳುವುದು 12 ವಾಟಿನಷ್ಟು, ಅಂದರೆ ಸುಮಾರು 1 ಆಂಪಿಯರ್. ಫಾಸ್ಟ್ ಚಾರ್ಜಿಂಗ್ ಇರುವ 18 ವಾಟಿನ ಪಾಯಿಂಟಾದರೆ 20 ವಾಟ್ ಅಂದುಕೊಳ್ಳಿ. ಎರಡೂ ಪಾಯಿಂಟುಗಳು ಒಟ್ಟಿಗೆ ಪೂರ್ತಿ ದುಡಿದರೂ 40 ವಾಟ್, ಮೂರೂವರೆ ಆಂಪಿಯರಿನ ಒಳಗೆ. ನಿಮ್ಮ ಹೆಡ್‌ಲೈಟಿನ ಹ್ಯಾಲೊಜನ್ ಬಲ್ಬು ಒಂದೇ 60/55 ವಾಟ್ ತಿನ್ನುತ್ತದೆ. ಹಗಲು ಸವಾರಿಯಲ್ಲಿ ಆ ಲೈಟ್ ಆರಿಸಿದ್ದರೆ ಎರಡು ಚಾರ್ಜರ್‌ಗಳಿಗೆ ಬೇಕಾದಷ್ಟು ಜಾಗ ಅಲ್ಲಿಯೇ ಸಿಕ್ಕಿತು. 2017ರ ಏಪ್ರಿಲ್ ನಂತರ ಬಂದ ಗಾಡಿಗಳಲ್ಲಿ ಎಂಜಿನ್ ಓಡುವಷ್ಟು ಹೊತ್ತೂ ಹೆಡ್‌ಲೈಟ್ ಉರಿಯುತ್ತಲೇ ಇರುತ್ತದೆ. ನಿಮ್ಮದರಲ್ಲಿ ಸ್ವಿಚ್ ನಿಮ್ಮ ಕೈಯಲ್ಲೇ ಇದೆ, ಈ ಒಂದು ವಿಷಯದಲ್ಲಿ ಹಳೆಯ ಗಾಡಿಯೇ ಅನುಕೂಲ. ಹಾಗಂತ ಘಾಟಿಯ ಮಂಜಿನಲ್ಲಿ ಮೊಬೈಲ್ ಚಾರ್ಜ್ ಆಗಲೆಂದು ಲೈಟ್ ಆರಿಸುವ ಪ್ರಸಂಗ ಎಂದೂ ಬರಬಾರದು. ಲೈಟ್ ಉರಿಯುತ್ತಿದ್ದಾಗಲೂ ಉಳಿತಾಯ ಇದೆಯೇ ಎಂದು ಅಳೆದು ನೋಡುವ ದಾರಿಯನ್ನು ಈಗ ಹೇಳುತ್ತೇನೆ.

ಕಾಗದದ ಮೇಲಿನ ಲೆಕ್ಕ ಹೊಸ ಗಾಡಿಯದ್ದು. ಇಷ್ಟು ವರ್ಷ ಓಡಿದ ಗಾಡಿಯಲ್ಲಿ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರಿನ ಸ್ಟೇಟರ್ ಕಾಯಿಲ್, ಅದರ ವೋಲ್ಟೇಜನ್ನು ಹಿಡಿತದಲ್ಲಿಡುವ, ಮೆಕ್ಯಾನಿಕ್‌ಗಳು ಆರ್‌ಆರ್ ಯೂನಿಟ್ ಎನ್ನುವ ರೆಗ್ಯುಲೇಟರ್, ಬ್ಯಾಟರಿ, ಇವುಗಳ ನಡುವಿನ ಕನೆಕ್ಟರ್‌ಗಳು ಈಗ ಯಾವ ಸ್ಥಿತಿಯಲ್ಲಿವೆ ಎಂಬುದನ್ನು ಮಲ್ಟಿಮೀಟರ್ ಮಾತ್ರ ಹೇಳಬಲ್ಲದು. ಸಾಧಾರಣ ಮೀಟರ್ ಸಾಕು. ಬೆಂಗಳೂರಿಗೆ ಹೋದಾಗ ಎಸ್.ಪಿ. ರೋಡಿನಲ್ಲಿ ತೆಗೆದುಕೊಳ್ಳಿ, ಅಥವಾ ನಿಮ್ಮೂರಿನ ಯಾವುದೇ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಸಾಕೆಟ್‌ಗೆ ದುಡ್ಡು ಹಾಕುವ ಮೊದಲು ಇದಕ್ಕೆ ಹಾಕಿ.

ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬೆಳಿಗ್ಗೆ ಕೀ ಹಾಕುವ ಮುಂಚೆ ಬ್ಯಾಟರಿಯ ಎರಡು ಟರ್ಮಿನಲ್‌ಗಳ ನಡುವೆ ಮೀಟರ್ ಹಿಡಿಯಿರಿ. 12.6ರಿಂದ 12.8 ತೋರಿಸಿದರೆ ಬ್ಯಾಟರಿ ತುಂಬಿದೆ. 12.2 ಎಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಚಾರ್ಜಿಗೆ ಹಾಕಿಸಿ ಮತ್ತೊಮ್ಮೆ ನೋಡಿ. ಆಮೇಲೆ ಸೆಲ್ಫ್ ಒತ್ತುವಾಗ ಯಾರಾದರೂ ಮೀಟರ್ ನೋಡಲಿ: ಮುಳ್ಳು ಹತ್ತಕ್ಕಿಂತ ಬಹಳ ಕೆಳಗೆ ಬೀಳುತ್ತಿದ್ದರೆ ಬ್ಯಾಟರಿಗೆ ವಯಸ್ಸಾಗಿದೆ, ಪ್ರವಾಸಕ್ಕೆ ಮೊದಲು ಬದಲಿಸುವುದೇ ಒಳ್ಳೆಯದು. ಅದಕ್ಕೂ ಚಾರ್ಜರಿಗೂ ಸಂಬಂಧವಿಲ್ಲ, ಆದರೆ ಶಿರಾಡಿಯಲ್ಲಿ ಗಾಡಿ ಸ್ಟಾರ್ಟ್ ಆಗದಿದ್ದರೆ ಎಲ್ಲರೂ ದೂರುವುದು ಹೊಸದಾಗಿ ಹಾಕಿದ ಚಾರ್ಜರನ್ನೇ.

ಇನ್ನು ಎಂಜಿನ್ ಓಡುವಾಗಿನ ಪರೀಕ್ಷೆ. ಐಡ್ಲಿಂಗ್ ಬಿಟ್ಟು, ದಾರಿಯಲ್ಲಿ ಹೋಗುವ ವೇಗಕ್ಕೆ ಸಮನಾಗುವಷ್ಟು ಥ್ರಾಟಲ್ ಹಿಡಿದಾಗ ಬ್ಯಾಟರಿಯಲ್ಲಿ 13.5ರಿಂದ 14.5 ವೋಲ್ಟ್ ಇರಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಅದು ಬ್ಯಾಟರಿಯನ್ನು ಬೇಯಿಸುತ್ತದೆ, ಅಗ್ಗದ ಚಾರ್ಜರನ್ನೂ ಸುಡಬಹುದು. 13 ಕೂಡ ಮುಟ್ಟದಿದ್ದರೆ ಸ್ಟೇಟರ್‌ನಿಂದ ಆರ್‌ಆರ್ ಯೂನಿಟ್ಟಿಗೆ ಬರುವ ಕನೆಕ್ಟರನ್ನು ಮೊದಲು ಬಿಚ್ಚಿ ನೋಡಿ. ಅಲ್ಲಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ, ಪಿನ್ನುಗಳು ಕಪ್ಪಾಗಿದ್ದರೆ ರೋಗ ಅಲ್ಲೇ ಇದೆ. ಕಾಯಿಲ್ ಬದಲಿಸಬೇಕು ಎಂದು ಯಾರಾದರೂ ಹೇಳುವ ಮೊದಲು ಆ ಕನೆಕ್ಟರನ್ನು ಸರಿಮಾಡಿಸಿ.

ಈಗ ನಿಜವಾದ ಪರೀಕ್ಷೆ, ಇದನ್ನು ಮಾಡುವವರು ಕಡಿಮೆ. ಬ್ರೇಕ್ ಲೈಟಿಗೆ ಬಳಸುವ 12 ವೋಲ್ಟ್ 21 ವಾಟಿನ ಎರಡು ಬಲ್ಬುಗಳನ್ನು ತಂದು, ವೈರು ಕಟ್ಟಿ ನೇರವಾಗಿ ಬ್ಯಾಟರಿಗೆ ಜೋಡಿಸಿ. ಎರಡೂ ಸೇರಿ 42 ವಾಟ್, ಅಂದರೆ ನಿಮ್ಮ ಎರಡು ಚಾರ್ಜಿಂಗ್ ಪಾಯಿಂಟುಗಳ ಪೂರ್ತಿ ಭಾರ. ಹೆಡ್‌ಲೈಟನ್ನು ಹೈ ಬೀಮಿಗೆ ಹಾಕಿ, ಈ ಎರಡು ಬಲ್ಬುಗಳನ್ನೂ ಉರಿಸಿ, ಅದೇ ಥ್ರಾಟಲಿನಲ್ಲಿ ಮೀಟರ್ ನೋಡಿ. 13.2ಕ್ಕಿಂತ ಮೇಲೆ ನಿಂತರೆ ನಿಮ್ಮ ಗಾಡಿ ರಾತ್ರಿ ಸವಾರಿಯಲ್ಲೂ ಎರಡು ಪಾಯಿಂಟುಗಳನ್ನು ನಡೆಸಿ ಬ್ಯಾಟರಿಯನ್ನೂ ತುಂಬುತ್ತದೆ. 12.8ರ ಆಸುಪಾಸಿಗೆ ಇಳಿದರೆ ರಾತ್ರಿ ಒಂದೇ ಪಾಯಿಂಟ್ ಬಳಸಿ. ಐಡ್ಲಿಂಗಿನಲ್ಲಿ ವೋಲ್ಟೇಜ್ ಇನ್ನೂ ಇಳಿಯುತ್ತದೆ, ಅದು ಸಹಜ. ಆಗ ಆಲ್ಟರ್ನೇಟರ್ ತಿರುಗುವ ವೇಗವೇ ಕಡಿಮೆ. ಮಂಗಳೂರು ಅಥವಾ ಉಡುಪಿಯ ಸಿಗ್ನಲ್‌ಗಳಲ್ಲಿ ಸಂಜೆ ಹೊತ್ತು ಸಿಕ್ಕಿಕೊಂಡಾಗ ಲೈಟು, ಬ್ರೇಕ್ ಲೈಟು, ಚಾರ್ಜರ್ ಎಲ್ಲವೂ ಬ್ಯಾಟರಿಯ ಮೇಲೆಯೇ ಬೀಳುತ್ತವೆ. ಹೆದ್ದಾರಿಗೆ ಬಿದ್ದ ಮೇಲೆ ಅದು ಮತ್ತೆ ತುಂಬಿಕೊಳ್ಳುತ್ತದೆ.

“ಚಾರ್ಜರ್ ಹಾಕಿದರೆ ಕಾಯಿಲ್ ಸುಡುತ್ತದೆ” ಎಂಬ ಮಾತನ್ನೂ ನೀವು ಕೇಳಿರಬಹುದು. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಶಂಟ್ ಬಗೆಯ ರೆಗ್ಯುಲೇಟರ್. ಅದರಲ್ಲಿ ಕಾಯಿಲ್ ಯಾವಾಗಲೂ ಪೂರ್ತಿ ದುಡಿಯುತ್ತಿರುತ್ತದೆ, ಬೇಡದ್ದನ್ನು ರೆಗ್ಯುಲೇಟರ್ ಶಾಖ ಮಾಡಿ ಹೊರಗೆ ಬಿಡುತ್ತದೆ. ಹೇಗೂ ಶಾಖವಾಗಿ ಹೋಗುವ ಪಾಲಿನಲ್ಲಿ ಸ್ವಲ್ಪವನ್ನು ನಿಮ್ಮ ಮೊಬೈಲ್ ಬಳಸಿಕೊಂಡರೆ ಕಾಯಿಲಿಗೆ ಹೊಸ ಕಷ್ಟವೇನೂ ಬರುವುದಿಲ್ಲ.

ಹಾಗಾದರೆ ಹೆಡ್‌ಲೈಟ್ ವೈರಿನಿಂದ ಎಳೆದರೆ ಏನು ತೊಂದರೆ? ಬ್ಯಾಟರಿಯಿಂದ ಹೊರಟ ಕರೆಂಟ್ ಮುಖ್ಯ ಫ್ಯೂಸ್, ಇಗ್ನಿಷನ್ ಕೀ, ಲೈಟ್ ಸ್ವಿಚ್, ನಾಲ್ಕಾರು ಕನೆಕ್ಟರ್, ಇಷ್ಟನ್ನೆಲ್ಲ ದಾಟಿ ಹೆಡ್‌ಲೈಟಿಗೆ ಬರುತ್ತದೆ. ಇಷ್ಟು ವರ್ಷಗಳಲ್ಲಿ ಕೀ ಸ್ವಿಚ್ಚಿನ ಒಳಗಿನ ತಾಮ್ರ ಸವೆದಿದೆ, ಕನೆಕ್ಟರ್‌ಗಳಲ್ಲಿ ಕಿಲುಬು ಕೂತಿದೆ. ನೀವೇ ಅಳೆಯಬಹುದು: ಲೈಟ್ ಹಾಕಿ ಬ್ಯಾಟರಿಯಲ್ಲಿ ಎಷ್ಟು ವೋಲ್ಟ್, ಹೆಡ್‌ಲೈಟ್ ಬಲ್ಬಿನ ಹಿಂದೆ ಎಷ್ಟು ವೋಲ್ಟ್ ಎಂದು ನೋಡಿ. ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ದಾರಿಯಲ್ಲಿ ಎಲ್ಲೋ ಕರೆಂಟ್ ಶಾಖವಾಗಿ ಸೋರುತ್ತಿದೆ. ಅದೇ ದಾರಿಗೆ ಇನ್ನೂ ಮೂರು ಆಂಪಿಯರ್ ಹೇರಿದರೆ ಸೋರುವಿಕೆ ಹೆಚ್ಚುತ್ತದೆ, ಹೆಡ್‌ಲೈಟ್ ಮಂಕಾಗುತ್ತದೆ, ಕೀ ಸ್ವಿಚ್ ಬಿಸಿಯಾಗುತ್ತದೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಚಾರ್ಜರಿನೊಳಗೆ ನೀರು ಹೋಗಿ ಶಾರ್ಟ್ ಆದರೆ ಹಾರುವುದು ಹೆಡ್‌ಲೈಟಿನ ಫ್ಯೂಸ್. ಕತ್ತಲಲ್ಲಿ, ತಿರುವಿನಲ್ಲಿ, ಎದುರಿಗೆ ಲಾರಿ ಬರುವಾಗ, ಹಿಂದೆ ಮಗಳನ್ನು ಕೂರಿಸಿಕೊಂಡು ನೀವು ಆ ಗಾಡಿಯ ಮೇಲಿರುತ್ತೀರಿ. ಮೊಬೈಲ್ ಚಾರ್ಜ್ ಆಗದಿದ್ದರೆ ಒಂದಷ್ಟು ದಾರಿ ಕೇಳಿಕೊಂಡು ಹೋಗಬಹುದು. ಲೈಟ್ ಹೋದರೆ ಹೋಗಲಾಗುವುದಿಲ್ಲ. ಚಾರ್ಜರಿಗೆ ಏನೇ ಆದರೂ ಗಾಡಿಯ ಲೈಟು, ಹಾರ್ನು, ಇಗ್ನಿಷನ್ನಿಗೆ ತಟ್ಟಬಾರದು ಎಂಬ ಒಂದೇ ಕಾರಣಕ್ಕೆ ನಾನು ಪ್ರತ್ಯೇಕ ಲೈನ್ ಎಂದು ಹಟ ಹಿಡಿಯುತ್ತೇನೆ. ಇಗ್ನಿಷನ್ ಕಾಯಿಲಿಗೆ ಹೋಗುವ ವೈರಿನಿಂದ ಎಳೆಯುವುದಂತೂ ಬೇಡವೇ ಬೇಡ. ಅಲ್ಲಿ ವೋಲ್ಟೇಜ್ ಇಳಿದರೆ ಕಿಡಿಯೇ ದುರ್ಬಲವಾಗುತ್ತದೆ.

ಪ್ರತ್ಯೇಕ ಲೈನ್ ಹೀಗೆ ಬರಬೇಕು. ಬ್ಯಾಟರಿಯ ಪ್ಲಸ್ ಟರ್ಮಿನಲಿನಿಂದ ಕೆಂಪು ವೈರು. ಅದರ ಮೇಲೆ ಬ್ಯಾಟರಿಯಿಂದ ಒಂದು ಗೇಣಿನೊಳಗೆ, ರಬ್ಬರ್ ಮುಚ್ಚಳ ಇರುವ ಬ್ಲೇಡ್ ಫ್ಯೂಸ್ ಹೋಲ್ಡರ್, ಒಳಗೆ 5 ಆಂಪಿಯರ್ ಫ್ಯೂಸ್. ಫ್ಯೂಸ್ ಬ್ಯಾಟರಿಯ ಹತ್ತಿರವೇ ಏಕೆಂದರೆ ಅದು ಕಾಯುವುದು ತನ್ನಿಂದ ಮುಂದಿನ ವೈರನ್ನು ಮಾತ್ರ. ಹ್ಯಾಂಡಲ್ ಹತ್ತಿರ ಫ್ಯೂಸ್ ಹಾಕಿ, ಟ್ಯಾಂಕಿನ ಕೆಳಗೆ ವೈರು ಉಜ್ಜಿ ಫ್ರೇಮಿಗೆ ತಗುಲಿದರೆ ಬ್ಯಾಟರಿಯ ಪೂರ್ತಿ ಶಕ್ತಿ ಆ ವೈರಿನಲ್ಲಿ ಹರಿಯುತ್ತದೆ, ಅದೂ ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ. ಗಾಜಿನ ಕೊಳವೆಯ ಫ್ಯೂಸ್ ಬೇಡ, ಒಂಟಿ ಸಿಲಿಂಡರಿನ ಅದುರುವಿಕೆಗೆ ಅದರ ಒಳಗಿನ ಎಳೆ ಸುಮ್ಮನೆ ತುಂಡಾಗುತ್ತದೆ.

ಫ್ಯೂಸಿನಿಂದ ಮುಂದೆ ರಿಲೇ. ಆಟೊಮೊಬೈಲ್ ಅಂಗಡಿಯಲ್ಲಿ ಹಾರ್ನ್ ರಿಲೇ ಎಂದು ಕೇಳಿದರೆ ಕೊಡುವ ನಾಲ್ಕು ಪಿನ್ನಿನ 12 ವೋಲ್ಟಿನದೇ ಸಾಕು. ಪಿನ್ನುಗಳ ಮೇಲೆ ನಂಬರ್ ಇರುತ್ತದೆ. ಫ್ಯೂಸಿನಿಂದ ಬಂದ ವೈರು 30ಕ್ಕೆ. ಚಾರ್ಜರ್‌ಗಳ ಕಡೆ ಹೋಗುವ ವೈರು 87ರಿಂದ. 85 ಬ್ಯಾಟರಿಯ ಮೈನಸ್ಸಿಗೆ. 86ಕ್ಕೆ ಕೀ ಹಾಕಿದಾಗ ಮಾತ್ರ ಜೀವ ಬರುವ ಒಂದು ವೈರಿನಿಂದ ಸಣ್ಣ ಕವಲು. ಈ ಕವಲನ್ನು ಹಿಂದಿನ ಬ್ರೇಕ್ ಸ್ವಿಚ್ಚಿಗೆ ಬರುವ ವೈರಿನಿಂದ ತೆಗೆದುಕೊಳ್ಳುವುದು ನನಗೆ ಇಷ್ಟ: ಕೀ ಹಾಕಿದರೆ ಅದರಲ್ಲಿ ಕರೆಂಟ್ ಬರುತ್ತದೆ, ತೆಗೆದರೆ ಹೋಗುತ್ತದೆ, ಬ್ಯಾಟರಿಗೂ ಹತ್ತಿರ. ವೈರಿನ ಬಣ್ಣ ನೋಡಿ ಊಹಿಸಬೇಡಿ. ಹಳೆಯ ಗಾಡಿಯಲ್ಲಿ ಯಾರು ಯಾವ ಬಣ್ಣದ ತುಂಡು ಸೇರಿಸಿದ್ದಾರೋ ಗೊತ್ತಿರುವುದಿಲ್ಲ. ಟೆಸ್ಟ್ ಲ್ಯಾಂಪ್ ಹಿಡಿದು, ಕೀ ಹಾಕಿ ತೆಗೆದು ಖಚಿತ ಮಾಡಿಕೊಳ್ಳಿ. ಇದೂ ಕದಿಯುವುದೇ ಅಲ್ಲವೇ ಎಂದು ಕೇಳಬಹುದು. ರಿಲೇಯ ಕಾಯಿಲ್ ಕುಡಿಯುವುದು ಒಂದು ಆಂಪಿಯರಿನ ಆರನೇ ಒಂದು ಪಾಲಿನಷ್ಟು ಮಾತ್ರ, ಹಳೆಯ ವೈರಿಗೆ ಅದು ಭಾರವೇ ಅಲ್ಲ. ದೊಡ್ಡ ಕರೆಂಟ್ ಹೊಸ ವೈರಿನಲ್ಲಿಯೇ ಹೋಗುತ್ತದೆ. ರಿಲೇಯನ್ನು ಪಕ್ಕದ ಮುಚ್ಚಳದ ಒಳಗೆ ಪಿನ್ನುಗಳು ಕೆಳಮುಖವಾಗಿರುವಂತೆ ಕೂರಿಸಿ, ನೀರು ನಿಲ್ಲುವುದಿಲ್ಲ.

ರಿಲೇ ಇಲ್ಲದೆ ಬ್ಯಾಟರಿಗೆ ನೇರವಾಗಿ ಜೋಡಿಸಿದರೆ ಆಗುವುದೇನು? ಚಾರ್ಜರಿಗೆ ಮೊಬೈಲ್ ಹಾಕದಿದ್ದರೂ ಒಳಗಿನ ಸರ್ಕ್ಯೂಟ್, ನೀಲಿ ದೀಪ, ವೋಲ್ಟ್ ತೋರಿಸುವ ಡಿಸ್‌ಪ್ಲೇ ಎಲ್ಲ ಸೇರಿ 20 ಮಿಲಿಆಂಪಿಯರಿನಷ್ಟು ಎಳೆಯುತ್ತಲೇ ಇರಬಹುದು. ದಿನಕ್ಕೆ ಅರ್ಧ ಆಂಪಿಯರ್ ಅವರ್ ಹೋಯಿತು. 14 ಎಎಚ್ ಬ್ಯಾಟರಿಯಲ್ಲಿ ಎರಡು ವಾರಕ್ಕೆ ಅರ್ಧ ಖಾಲಿ. ಬ್ಯಾಟರಿ ಹಳೆಯದಾಗಿದ್ದರೆ ಸೆಲ್ಫ್ ಎತ್ತದೆ ಕೂರಲು ಅಷ್ಟು ಸಾಕು. ನಿಮ್ಮ ಗೆಳೆಯರು ಕಂಡಿರುವ ಡೌನ್ ಆದ ಬ್ಯಾಟರಿಗಳು ಬಹುಶಃ ಇಂಥವೇ. ಓಡುವ ಗಾಡಿಯಲ್ಲಿ ಖಾಲಿಯಾದದ್ದಲ್ಲ, ನಿಂತ ಗಾಡಿಯಲ್ಲಿ ಸೋರಿಹೋದದ್ದು. ಚಾರ್ಜರಿನಲ್ಲೇ ಸ್ವಿಚ್ ಇದೆ, ಆರಿಸಿದರಾಯಿತು ಎನ್ನುವವರಿದ್ದಾರೆ. ದಣಿದು ಲಾಡ್ಜ್ ಮುಂದೆ ಗಾಡಿ ನಿಲ್ಲಿಸುವ ಹೊತ್ತಿಗೆ ಕೀ ತೆಗೆಯುವುದು ಅಭ್ಯಾಸದಿಂದ ಆಗುತ್ತದೆ, ಆ ಸಣ್ಣ ಸ್ವಿಚ್ ಆರಿಸುವುದು ಮರೆತುಹೋಗುತ್ತದೆ.

ವೈರು 1 ಚದರ ಮಿಲಿಮೀಟರಿನ ಆಟೊ ವೈರು, ಹಲವು ಎಳೆಗಳದ್ದು. ಮನೆಯ ವೈರಿಂಗಿನ ಗಟ್ಟಿ ಒಂಟಿ ತಂತಿ ಇಲ್ಲಿ ಬರುವುದಿಲ್ಲ, ಅದುರಿ ಅದುರಿ ಮುರಿಯುತ್ತದೆ. ಹ್ಯಾಂಡಲಿನವರೆಗೆ ಒಂದೂವರೆ ಮೀಟರ್ ಹೋಗಿ, ಅಷ್ಟೇ ಉದ್ದ ವಾಪಸ್ ಬಂದರೂ ಈ ವೈರಿನಲ್ಲಿ 3 ಆಂಪಿಯರಿಗೆ ಕಳೆದುಹೋಗುವುದು 0.2 ವೋಲ್ಟಿನ ಒಳಗೆ. ವಾಪಸ್ ಎಂದದ್ದು ಬೇಕೆಂದೇ. ಮೈನಸ್ ವೈರನ್ನು ಹತ್ತಿರದ ಯಾವುದೋ ಬೋಲ್ಟಿಗೆ ಸಿಗಿಸಿ ಬಾಡಿ ಅರ್ಥ್ ಮಾಡುವುದು ರೂಢಿ. ಹಳೆಯ ಫ್ರೇಮಿನಲ್ಲಿ ಬಣ್ಣ, ತುಕ್ಕು, ಸ್ಟಿಯರಿಂಗ್ ಬೇರಿಂಗಿನ ಗ್ರೀಸು ಎಲ್ಲ ದಾಟಿ ಆ ಕರೆಂಟ್ ವಾಪಸಾಗಬೇಕು. ಮೊಬೈಲ್ ಚಾರ್ಜ್ ಆಗುತ್ತದೆ, ನಿಲ್ಲುತ್ತದೆ, ಮತ್ತೆ ಆಗುತ್ತದೆ ಎಂಬ ದೂರಿನ ಮೂಲ ಅನೇಕ ಸಲ ಈ ಅರ್ಥಿಂಗೇ. ಕೆಂಪು, ಕಪ್ಪು ಎರಡೂ ವೈರುಗಳನ್ನು ಜೊತೆಯಾಗಿ ಬ್ಯಾಟರಿಯಿಂದಲೇ ತನ್ನಿ. ಕರಾವಳಿಯ ಉಪ್ಪು ಗಾಳಿಗೆ ಬರಿ ತಾಮ್ರ ಬೇಗ ಹಸಿರುಗಟ್ಟುತ್ತದೆ, ತವರ ಲೇಪಿಸಿದ ಎಳೆಗಳ ವೈರು ಸಿಕ್ಕರೆ ಅದನ್ನೇ ಆರಿಸಿ.

ಜೋಡಣೆಯ ವಿಷಯದಲ್ಲಿ ನನಗೆ ರಾಜಿ ಇಲ್ಲ. ಎರಡು ವೈರುಗಳ ತುದಿ ಹೊಸೆದು, ಕಪ್ಪು ಟೇಪು ಸುತ್ತಿ ಬಿಡುವುದು ನಮ್ಮಲ್ಲಿ ಎಲ್ಲೆಡೆ ನಡೆಯುತ್ತದೆ. ಒಂದು ಬೇಸಿಗೆಗೆ ಟೇಪಿನ ಅಂಟು ಕರಗಿ ಜಾರುತ್ತದೆ, ಮುಂದಿನ ಮಳೆಗೆ ಒಳಗೆ ನೀರು ಸೇರುತ್ತದೆ. ಬೆಸುಗೆ ಚೆನ್ನಾಗಿರುತ್ತದಲ್ಲ ಎನ್ನುತ್ತೀರಿ. ಬೆಸುಗೆಯ ತವರ ಎಳೆಗಳೊಳಗೆ ಹರಿದು ವೈರನ್ನು ಅಷ್ಟು ದೂರ ಕಡ್ಡಿಯಂತೆ ಮಾಡುತ್ತದೆ, ಗಟ್ಟಿ ಭಾಗ ಮುಗಿದು ಮೆತ್ತನೆಯ ಭಾಗ ಶುರುವಾಗುವ ಜಾಗದಲ್ಲಿ ಅದುರುವಿಕೆಗೆ ತುಂಡಾಗುತ್ತದೆ. ವೈರಿನ ತುದಿಗೆ ಸರಿಯಾದ ಅಳತೆಯ ಲಗ್ ಎಂಬ ಲೋಹದ ತುಂಡು ಹಾಕಿ, ಕ್ರಿಂಪಿಂಗ್ ಟೂಲಿನಲ್ಲಿ ಒತ್ತಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ ಬಿಸಿ ಮಾಡಿದರೆ ಆ ಜೋಡಣೆ ಗಾಡಿಯಷ್ಟು ಕಾಲ ಬಾಳುತ್ತದೆ. ಒತ್ತಿದ ಮೇಲೆ ಕೈಯಿಂದ ಜಗ್ಗಿ ನೋಡಿ, ಬಂದುಬಿಟ್ಟರೆ ಮತ್ತೆ ಮಾಡಿ.

ಕೆಲಸ ಶುರು ಮಾಡುವಾಗ ಮೊದಲು ಬಿಚ್ಚುವುದು ಬ್ಯಾಟರಿಯ ಮೈನಸ್, ಕೊನೆಗೆ ಹಾಕುವುದೂ ಮೈನಸ್. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಫ್ರೇಮಿಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಟರ್ಮಿನಲ್ ಸ್ಕ್ರೂಗಳನ್ನು ಬಿಗಿಯಾಗಿ ತಿರುಗಿಸಿ. ಎಂಜಿನ್ ಓಡುವಾಗ ಬ್ಯಾಟರಿ ಸಂಪರ್ಕ ಒಂದು ಕ್ಷಣ ತಪ್ಪಿದರೂ ವೋಲ್ಟೇಜ್ ಎಗರುತ್ತದೆ. ಆ ಎಗರಿಕೆಗೆ ಮೊದಲು ಬಲಿಯಾಗುವುದು ಚಾರ್ಜರ್, ನಂತರ ಮೊಬೈಲ್.

ವೈರನ್ನು ಸ್ಲೀವಿನೊಳಗೆ ತೂರಿಸಿ, ಟ್ಯಾಂಕಿನ ಕೆಳಗೆ ಫ್ರೇಮಿನ ಮುಖ್ಯ ಪೈಪಿನ ಗುಂಟ, ಈಗಾಗಲೇ ಇರುವ ವೈರಿಂಗಿನ ಜೊತೆಗೇ ಒಯ್ಯಿರಿ. ಸಿಲಿಂಡರ್ ಹೆಡ್ಡಿಗೂ ಸೈಲೆನ್ಸರ್ ಪೈಪಿಗೂ ದೂರವಿರಲಿ. ಸ್ಟಿಯರಿಂಗ್ ಹತ್ತಿರ ಸ್ವಲ್ಪ ಸಡಿಲ ಬಿಟ್ಟು, ಹ್ಯಾಂಡಲನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ನೋಡಿ. ವೈರು ಬಿಗಿಯಬಾರದು, ಕ್ಲಚ್ ಕೇಬಲಿಗೆ ಸಿಕ್ಕಬಾರದು. ಎಂಜಿನ್ ಐಡ್ಲಿಂಗಿನಲ್ಲಿ ಇಟ್ಟೂ ಒಮ್ಮೆ ತಿರುಗಿಸಿ. ಎಂಜಿನ್ ವೇಗ ತಾನಾಗಿ ಏರಿದರೆ ಹೊಸ ವೈರು ಆಕ್ಸಿಲರೇಟರ್ ಕೇಬಲನ್ನು ಎಳೆಯುತ್ತಿದೆ ಎಂದರ್ಥ. ಇದು ಅಪಾಯ, ಆಗಲೇ ಸರಿಮಾಡಿ.

ಯಾವ ಸಾಕೆಟ್ ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. ಹ್ಯಾಂಡಲಿಗೆ ಟೈಪ್-ಸಿ ಒಂದು, ಹಳೆಯ ಚಪ್ಪಟೆ ಯುಎಸ್‌ಬಿ ಒಂದು ಇರುವ, ರಬ್ಬರ್ ಮುಚ್ಚಳದ, ಒಟ್ಟು 18-20 ವಾಟಿನ ಚಾರ್ಜರ್ ಸಾಕು. ಮುಖ ಸ್ವಲ್ಪ ಕೆಳಕ್ಕೆ ಬಾಗಿದಂತೆ ಕೂರಿಸಿ, ಅದರೊಳಗೆ ಹೋಗುವ ವೈರಿಗೂ ಕೆಳಕ್ಕೊಂದು ಬಳುಕು ಕೊಡಿ. ವೈರಿನ ಗುಂಟ ಹರಿದುಬಂದ ಮಳೆನೀರು ಆ ಬಳುಕಿನಿಂದ ಕೆಳಗೆ ತೊಟ್ಟಿಕ್ಕುತ್ತದೆ. ಕಾರಿನಲ್ಲಿರುವಂಥ ಸಿಗರೇಟ್ ಲೈಟರ್ ಸಾಕೆಟ್ ಬೇಡ. ಬುಲೆಟ್ ಜಾತಿಯ ಗಾಡಿಯಲ್ಲಿ ಅದರ ಪ್ಲಗ್ ಅದುರಿ ಹೊರಗೆ ಬರುತ್ತಲೇ ಇರುತ್ತದೆ, ಮುಚ್ಚಳ ತೆರೆದಾಗ ಅದೊಂದು ನೀರು ತುಂಬುವ ಬಟ್ಟಲು.

ಟ್ಯಾಂಕ್ ಬ್ಯಾಗಿನ ಪಾಯಿಂಟ್ ಬೇರೆ ಬಗೆಯದಾಗಿರಲಿ. ಸೀಟು ಮತ್ತು ಟ್ಯಾಂಕ್ ಸೇರುವ ಜಾಗದಲ್ಲಿ ಎಸ್‌ಎಇ ಎಂದು ಕರೆಯುವ ಎರಡು ಪಿನ್ನಿನ ಚಪ್ಪಟೆ ಕನೆಕ್ಟರ್ ಒಂದನ್ನು ಮುಚ್ಚಳ ಸಮೇತ ಹೊರಗೆ ಬಿಡಿ, ಅದರ ಮರು ತುದಿಗೆ ಚಾರ್ಜರ್ ಜೋಡಿಸಿ ಬ್ಯಾಗಿನೊಳಗೇ ಇಡಿ. ಎಲೆಕ್ಟ್ರಾನಿಕ್ಸ್ ಎಲ್ಲ ಒಳಗೆ ಒಣಗಿರುತ್ತದೆ. ಬ್ಯಾಗ್ ತೆಗೆಯುವಾಗ ಕನೆಕ್ಟರ್ ಬಿಚ್ಚಿದರೆ ಆಯಿತು. ಗಾಡಿಯ ಕಡೆ ಇರುವ ತುದಿಯಲ್ಲಿ ಪ್ಲಸ್ ಪಿನ್ ಪ್ಲಾಸ್ಟಿಕ್ಕಿನೊಳಗೆ ಮುಚ್ಚಿಕೊಂಡಿರಬೇಕು, ಹೊರಗೆ ಕಾಣುವ ಪಿನ್ ಮೈನಸ್ ಆಗಿರಬೇಕು. ಕ್ಯಾಮೆರಾವನ್ನು ಈ ಪಾಯಿಂಟಿಗೆ ನೇರ ಹಾಕುವ ಬದಲು ಒಂದು ಪವರ್ ಬ್ಯಾಂಕ್ ಚಾರ್ಜ್ ಮಾಡಿಕೊಂಡು, ಊಟಕ್ಕೋ ಕಾಫಿಗೋ ನಿಂತಾಗ ಅದರಿಂದ ಕ್ಯಾಮೆರಾ, ಮಗಳ ಮೊಬೈಲ್ ಚಾರ್ಜ್ ಮಾಡಿ. ಗಾಡಿಯ ವೋಲ್ಟೇಜ್ ಏರಿಳಿತ ಪವರ್ ಬ್ಯಾಂಕಿನಲ್ಲೇ ನಿಲ್ಲುತ್ತದೆ. ಟೈರಿಗೆ ಗಾಳಿ ತುಂಬುವ ಪಂಪನ್ನು ಮಾತ್ರ ಈ ಲೈನಿಗೆ ಹಾಕಬೇಡಿ. ಅಂಥ ಪಂಪುಗಳು ಹತ್ತು ಆಂಪಿಯರ್, ಕೆಲವು ಅದಕ್ಕೂ ಹೆಚ್ಚು ಎಳೆಯುತ್ತವೆ. ಅದು ಬೇಕಿದ್ದರೆ ಬ್ಯಾಟರಿಯಿಂದ 2.5 ಚದರ ಮಿಲಿಮೀಟರಿನ ವೈರು, 15 ಆಂಪಿಯರ್ ಫ್ಯೂಸಿನೊಂದಿಗೆ ಬೇರೆಯದೇ ತುದಿ ಬಿಡಿ, ಎಂಜಿನ್ ಓಡಿಸಿಕೊಂಡೇ ಬಳಸಿ.

ಮೊಬೈಲಿನ ಬಗ್ಗೆ ಎರಡು ಮಾತು. ಬಿಸಿಲಲ್ಲಿ ಪೂರ್ತಿ ಬೆಳಕಿನ ಸ್ಕ್ರೀನ್, ಜಿಪಿಎಸ್, ಮೇಲೆ ಫಾಸ್ಟ್ ಚಾರ್ಜಿಂಗ್ ಸೇರಿದರೆ ಮೊಬೈಲ್ ಕಾದು ತಾನೇ ಚಾರ್ಜಿಂಗ್ ನಿಲ್ಲಿಸುತ್ತದೆ. ಆಗ ಸಾಕೆಟ್ ಕೆಟ್ಟಿತೆಂದು ಜನ ವೈರು ಬಿಚ್ಚತೊಡಗುತ್ತಾರೆ. ಐಫೋನಿನಂಥವನ್ನು 35 ಡಿಗ್ರಿಯೊಳಗಿನ ಹವೆಯಲ್ಲಿ ಬಳಸಿ ಎಂದು ತಯಾರಕರೇ ಹೇಳುತ್ತಾರೆ. ಕರಾವಳಿಯ ಮಧ್ಯಾಹ್ನ ಅದಕ್ಕೆ ಸಮೀಪವೇ. ಬೆಳಿಗ್ಗೆ ತುಂಬಿಸಿಕೊಂಡು ಹೊರಟು, ಹಳೆಯ ಯುಎಸ್‌ಬಿ ಕಿಂಡಿಯಿಂದ ನಿಧಾನದ ಚಾರ್ಜ್ ಕೊಡಿ. ಮ್ಯಾಪ್ ತಿನ್ನುವಷ್ಟನ್ನು ಅದು ತುಂಬಿಕೊಡುತ್ತದೆ. ಘಾಟಿಯ ಕಾಡಿನಲ್ಲಿ ಸಿಗ್ನಲ್ ಇಲ್ಲದಾಗ ಮೊಬೈಲ್ ಟವರ್ ಹುಡುಕುತ್ತಲೇ ಬ್ಯಾಟರಿ ಕರಗಿಸುತ್ತದೆ. ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಟ್ಟು ಅಲ್ಲಿ ಫ್ಲೈಟ್ ಮೋಡಿಗೆ ಹಾಕಿದರೂ ದಾರಿ ತೋರಿಸುತ್ತದೆ.

ಇನ್ನೊಂದು, ಕ್ಯಾಮೆರಾ. ಮೋಟಾರ್‌ಸೈಕಲ್ ಎಂಜಿನ್ನಿನ ಬಲವಾದ ಅದುರುವಿಕೆ ಐಫೋನಿನ ಕ್ಯಾಮೆರಾದೊಳಗಿನ ಸ್ಥಿರಗೊಳಿಸುವ ಭಾಗವನ್ನು ಕೆಡಿಸಬಹುದು ಎಂದು ಆಪಲ್ 2021ರಲ್ಲಿ ಎಚ್ಚರಿಕೆ ಕೊಟ್ಟಿತು. ಅಂಥ ಭಾಗವಿರುವ ಬೇರೆ ಮೊಬೈಲ್‌ಗಳಿಗೂ ಇದನ್ನು ಅನ್ವಯಿಸಿಕೊಳ್ಳುವುದು ಒಳ್ಳೆಯದು. ಒಂಟಿ ಸಿಲಿಂಡರ್ 350ರ ಹ್ಯಾಂಡಲಿಗೆ ಬರಿ ಕ್ಲಾಂಪ್ ಹಾಕಬೇಡಿ, ರಬ್ಬರ್ ಡ್ಯಾಂಪರ್ ಇರುವ ಹೋಲ್ಡರ್ ಬೇಕು. ಮನೆಯಲ್ಲಿ ಹಳೆಯ ಮೊಬೈಲ್ ಇದ್ದರೆ ಅದನ್ನೇ ಮ್ಯಾಪಿಗೆ ಇಟ್ಟು, ಒಳ್ಳೆಯದನ್ನು ಜೇಬಿನಲ್ಲಿಡಿ. ನಾನಾದರೆ ಹಾಗೇ ಮಾಡುತ್ತೇನೆ. ಮೊಬೈಲಿನ ಚಾರ್ಜಿಂಗ್ ಕಿಂಡಿ ಒದ್ದೆಯಾಗಿದ್ದರೆ ಕೇಬಲ್ ಹಾಕಲೇಬೇಡಿ. ನೀರು ಮತ್ತು ಕರೆಂಟ್ ಸೇರಿ ಪಿನ್ನುಗಳನ್ನು ತಿಂದುಹಾಕುತ್ತವೆ.

ಬೇರೆ ಹಳೆಯ ಗಾಡಿಗಳವರೂ ಇದನ್ನು ಓದುವುದರಿಂದ ಒಂದು ಎಚ್ಚರಿಕೆ. ಎಂಜಿನ್ ಆಫ್ ಇದ್ದಾಗ ಕೀ ಹಾಕಿ ಹೆಡ್‌ಲೈಟ್ ಸ್ವಿಚ್ ಒತ್ತಿ. ಲೈಟ್ ಉರಿದರೆ ಅದು ಬ್ಯಾಟರಿಯ ಡಿಸಿ. ಎಂಜಿನ್ ಓಡಿದಾಗ ಮಾತ್ರ ಉರಿದರೆ ಎಸಿ; ಅಂಥ ಗಾಡಿಗಳಲ್ಲಿ ಬ್ಯಾಟರಿಯೂ ಸಣ್ಣದು, ಅದನ್ನು ತುಂಬುವ ಕರೆಂಟೂ ಕಡಿಮೆ. ಒಂದು ನಿಧಾನದ ಪಾಯಿಂಟಿಗಿಂತ ಹೆಚ್ಚು ಆಸೆ ಬೇಡ. ಮೈಸೂರಿನಲ್ಲಿ ತಯಾರಾದ ಹಳೆಯ ಯೆಜ್ಡಿ, ಜಾವಾಗಳಲ್ಲಿ 6 ವೋಲ್ಟಿನ ಡೈನಮೊ ಇರುವವು ಈಗಲೂ ಓಡುತ್ತಿವೆ. 12 ವೋಲ್ಟಿಗೆ ಮಾಡಿದ ಚಾರ್ಜರ್ ಅಲ್ಲಿ ನೆಚ್ಚುವಂತಿಲ್ಲ. ಅಂಥವರಿಗೆ ದೊಡ್ಡ ಪವರ್ ಬ್ಯಾಂಕೇ ಸರಿಯಾದ ದಾರಿ, ಆ ಗಾಡಿಗಳ ಮೂಲ ವೈರಿಂಗ್ ಹಾಗೆಯೇ ಉಳಿಯಲಿ.

ನಿಮ್ಮ ಮೆಕ್ಯಾನಿಕ್‌ಗೆ ಬೇಸರವಾಗದ ಹಾಗೆ ಹೀಗೆ ಹೇಳಿ: “ಅಣ್ಣ, ಗಾಡಿ ವೈರಿಂಗ್ ಯಾವುದನ್ನೂ ಕಟ್ ಮಾಡೋದು ಬೇಡ, ಬ್ಯಾಟರಿಯಿಂದ ಫ್ಯೂಸ್, ರಿಲೇ ಹಾಕಿ ಹೊಸ ಲೈನ್ ಕೊಡಿ, ಟೈಮ್ ಎಷ್ಟಾದ್ರೂ ಆಗಲಿ.” ಅವರಿಗೆ ರಿಲೇ ಕೆಲಸ ಅಭ್ಯಾಸ ಇಲ್ಲದಿದ್ದರೆ, ಜೀಪು, ಟ್ರ್ಯಾಕ್ಟರ್‌ಗಳ ವೈರಿಂಗ್ ಮಾಡುವ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ಹಾರ್ನಿಗೂ ಫಾಗ್ ಲ್ಯಾಂಪಿಗೂ ದಿನವೂ ರಿಲೇ ಕೂರಿಸುವ ಕೈ ಅದು.

ಮುಗಿದ ಮೇಲೆ ಕೀ ತೆಗೆದು, ಎರಡೂ ಪಾಯಿಂಟುಗಳಲ್ಲಿ ಕರೆಂಟ್ ಸತ್ತಿದೆಯೇ ನೋಡಿ. ಪ್ರವಾಸಕ್ಕೆ ಒಂದೆರಡು ವಾರ ಮೊದಲೇ ಹಾಕಿಸಿ, ಊರ ಹತ್ತಿರದ ಒಂದು ಉದ್ದನೆಯ ಸವಾರಿಯಲ್ಲಿ ಎರಡನ್ನೂ ಬಳಸಿ. ವಾಪಸ್ ಬಂದ ಕೂಡಲೇ ಫ್ಯೂಸ್ ಹೋಲ್ಡರ್, ರಿಲೇಯ ಪಿನ್ನುಗಳ ಕಡೆಯ ವೈರು ಮುಟ್ಟಿ ನೋಡಿ. ರಿಲೇಯ ಮೈ ಸ್ವಲ್ಪ ಬೆಚ್ಚಗಿರುವುದು ಸರಿ, ಫ್ಯೂಸ್ ಹೋಲ್ಡರ್ ಬಿಸಿಯಾಗಿದ್ದರೆ ಅಲ್ಲಿನ ಜೋಡಣೆ ಸಡಿಲವಾಗಿದೆ. ಎರಡು ಬಿಡಿ 5 ಆಂಪಿಯರ್ ಫ್ಯೂಸ್‌ಗಳನ್ನು ಪಕ್ಕದ ಮುಚ್ಚಳದ ಒಳಗೆ ಅಂಟಿಸಿಟ್ಟುಕೊಳ್ಳಿ. ದಾರಿಯಲ್ಲಿ ಫ್ಯೂಸ್ ಹೋದರೆ ಒಂದು ಸಲ ಬದಲಿಸಿ. ಎರಡನೆಯದೂ ಹೋದರೆ 10ರದೋ 15ರದೋ ಹಾಕುವ ಯೋಚನೆ ಮಾಡಬೇಡಿ, ಸಿಗರೇಟಿನ ಬೆಳ್ಳಿ ಕಾಗದ ಸುತ್ತಬೇಡಿ. ಫ್ಯೂಸ್ ಹಾಕದೆ ಖಾಲಿ ಬಿಟ್ಟು ಪವರ್ ಬ್ಯಾಂಕಿನಲ್ಲಿ ಪ್ರವಾಸ ಮುಗಿಸಿ. ವೈರು ಎಲ್ಲಿ ಉಜ್ಜಿದೆ ಎಂದು ಮನೆಗೆ ಬಂದು ಟ್ಯಾಂಕ್ ಇಳಿಸಿ ನೋಡಿದರಾಯಿತು.